ಅತ್ತೆ ಸುರುಳಿಯಲ್ಲೊಂದು ಬೆಸುಗೆ

ಪರದೆಯ ಮೇಲಿನ ಅಂಕಿ ಇಳಿಯುತ್ತ ಇಳಿಯುತ್ತ ಬಂದು ಮತ್ತೆ ಸೊನ್ನೆಯಲ್ಲಿ ನಿಂತಿತು.

"ನೋಡು, ಇದು ಮೂರನೇ ಸಲ," ಎಂದರು ನನ್ನ ಗಂಡ. "ಎಷ್ಟು ಸಲ ಅಳೆದ್ರೂ ಸೊನ್ನೇನೇ ಬರೋದು. ಪೆಟ್ಟಿಗೆ ಸರಿಯಾಗೇ ಇದೆ."

ಸರಿಯಾಗಿಯೇ ಇದ್ದ ಈ ಪೆಟ್ಟಿಗೆಯ ದೆಸೆಯಿಂದ ಒಬ್ಬ ಪೈಲಟ್ ಎರಡೂ ಕಾಲು ಮುರಿದುಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದಾನೆ. ಮಂಜಿನಲ್ಲಿ ಇಳಿಯುತ್ತಿದ್ದ ಅವನ ಪುಟ್ಟ ವಿಮಾನದ ಎತ್ತರಮಾಪಕ, ನೆಲ ಇನ್ನೂ ಕೆಳಗಿದೆ ಎನ್ನುತ್ತಿದ್ದಾಗಲೇ ಚಕ್ರಗಳು ನೆಲಕ್ಕೆ ಅಪ್ಪಳಿಸಿದ್ದವು. ಆ ಮಾಪಕವನ್ನು ಹೊಂದಿಸಿದ್ದು ಈ ಪೆಟ್ಟಿಗೆಯಿಂದ, ಪೆಟ್ಟಿಗೆಯ ಮೇಲಿರುವ ಸಹಿ ನನ್ನ ಗಂಡನದು. ಸಂಜೆ ಐದಕ್ಕೆ ವಿಮಾನ ಇಲಾಖೆಯ ತನಿಖಾಧಿಕಾರಿ ಬರುವವರಿದ್ದರು. ಅಷ್ಟರೊಳಗೆ ಬೇರೆ ಹೆಸರು ಸಿಗದಿದ್ದರೆ ಇವರನ್ನೇ ಕರೆದೊಯ್ಯುತ್ತಾರೆ.

ಆ ಬೇರೆ ಹೆಸರನ್ನು ಹುಡುಕುವುದು ನನ್ನ ಪಾಲಿಗೆ ಬಂದಿತ್ತು. ಬೇರೆಯವರ ಗಂಡಂದಿರ ಬೆನ್ನು ಹತ್ತಿ ಹೊಟ್ಟೆ ಹೊರೆಯುವ ಪತ್ತೇದಾರಿಣಿ ನಾನು. ಸ್ವಂತ ಗಂಡನ ಕೇಸು ಹಿಡಿದದ್ದು ಇದೇ ಮೊದಲು, ಅದಕ್ಕೆ ಫೀಸೂ ಇಲ್ಲ.

ನಿಜ ಹೇಳಬೇಕೆಂದರೆ ಹೆಸರು ಬೆಳಿಗ್ಗೆಯೇ ನನ್ನ ನಾಲಿಗೆಯ ತುದಿಯಲ್ಲಿತ್ತು. ಆ ಹೆಸರಿನವಳು ನನ್ನ ಗಂಡನ ಪಕ್ಕದಲ್ಲೇ ನಿಂತಿದ್ದಳು. ಗಾಜಿನ ಎಳೆಗಳನ್ನು ಕತ್ತರಿಸಿ ಬೆಸೆಯುವುದು ಅವಳ ಕೆಲಸ. ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಜೇಡ ಎನ್ನುತ್ತಾರೆ, ಪ್ರೀತಿಯಿಂದ. ನಾನೂ ಹಾಗೆಯೇ ಎನ್ನುತ್ತೇನೆ, ಪ್ರೀತಿಯಿಂದಲ್ಲ.

ಇವರು ಪರದೆಯಿಂದ ಕಣ್ಣು ತೆಗೆಯದೆ ಕೈ ಚಾಚಿದರು. ಏನು ಬೇಕೆಂದು ಹೇಳಲಿಲ್ಲ. ಅವಳು ಕೇಳಲೂ ಇಲ್ಲ, ತೆಳ್ಳನೆಯ ಹಳದಿ ಕೇಬಲ್ಲೊಂದನ್ನು ಆ ಅಂಗೈಯಲ್ಲಿಟ್ಟಳು. ಮನೆಯಲ್ಲಿ ಇದೇ ಮನುಷ್ಯ ಟವೆಲ್ ಬೇಕಾದರೆ ಬಚ್ಚಲಿನಿಂದ ನಾಲ್ಕು ಸಲ ಕೂಗುತ್ತಾರೆ, ನಾನು ಸೋಪು ಕೊಟ್ಟು ಬರುತ್ತೇನೆ.

ಇಷ್ಟೇ ಅಲ್ಲ. ಜೇಡಳಿಗೆ ಗೋದಾಮಿನವನು ಅಣ್ಣ, ಲಾರಿಯವನು ಅಣ್ಣ, ಮೊಮ್ಮಕ್ಕಳನ್ನು ಕಂಡ ಮಾಲೀಕರೂ ಅಣ್ಣ. ನನ್ನ ಗಂಡನಿಗೆ ಮಾತ್ರ ಬರೀ "ನೀವು". ಕಳೆದ ವರ್ಷ ಇವರು ಇದ್ದಕ್ಕಿದ್ದಂತೆ ಗಡ್ಡ ಬಿಟ್ಟರು. ನಲವತ್ತೈದು ದಾಟಿದ ಗಂಡಸು ಕಾರಣವಿಲ್ಲದೆ ಗಡ್ಡ ಬಿಡುವುದಿಲ್ಲ. ಬೇರೆಯವರ ಹೆಂಡತಿ ಬಂದು ನನ್ನ ಮುಂದೆ ಇಷ್ಟು ಹೇಳಿದ್ದರೆ ಅರ್ಧ ಗಂಟೆಯಲ್ಲಿ ಕೇಸು ಮುಗಿಸಿ ಕಳಿಸುತ್ತಿದ್ದೆ.

ಪೆಟ್ಟಿಗೆಯ ವಿಷಯ ಇಷ್ಟು. ವಿಮಾನದ ಮಾಪಕ ಕೆಳಗೆ ಒಂದು ಅಲೆ ಬಿಡುತ್ತದೆ, ಅದು ನೆಲಕ್ಕೆ ತಾಗಿ ಮರಳಲು ಎಷ್ಟು ಹೊತ್ತು ಹಿಡಿಯಿತೆಂದು ನೋಡಿ ಎತ್ತರ ಹೇಳುತ್ತದೆ. ಮೇಜಿನ ಮೇಲಿಟ್ಟು ಪರೀಕ್ಷಿಸುವಾಗ ನೆಲವನ್ನು ಎಲ್ಲಿಂದ ತರುವುದು? ಅದಕ್ಕೇ ಈ ಪೆಟ್ಟಿಗೆ. ಒಳಗೆ ಕೂದಲಿನಷ್ಟು ಸಪೂರ ಗಾಜಿನ ಎಳೆಯ ಸುರುಳಿಗಳಿವೆ, ಒಂದರ ಇಮ್ಮಡಿ ಇನ್ನೊಂದು. ಅಲೆಯನ್ನು ಬೆಳಕು ಮಾಡಿ ಒಳಗೆ ಬಿಡುತ್ತಾರೆ. ಯಾವ ಸುರುಳಿಗೆ ಸ್ವಿಚ್ಚು ತಿರುಗಿಸಿದರೋ ಅಷ್ಟು ತಡವಾಗಿ ಬೆಳಕು ಆಚೆ ಬರುತ್ತದೆ. ಮಾಪಕದ ಲೆಕ್ಕದಲ್ಲಿ ಆ ತಡವೇ ನೆಲ.

ಸುರುಳಿಯ ಉದ್ದ ಕರಾರುವಾಕ್ಕಾಗಿರಬೇಕು. ಅದಕ್ಕೆ ಇವರಿಬ್ಬರೂ ಸೇರಿ ಮಾಡುವ ಕೆಲಸ ನೋಡಿದರೆ ಯಾವ ಹೆಂಡತಿಗೂ ಮೈ ಉರಿಯಬೇಕು. ಇವರು ಅಳೆದು ತಪ್ಪು ಇಷ್ಟಿದೆ ಎನ್ನುತ್ತಾರೆ, ಅವಳು ಅಷ್ಟು ಎಳೆ ಕತ್ತರಿಸಿ ಬೆಸೆಯುತ್ತಾಳೆ. ಇವರು ಮತ್ತೆ ಅಳೆಯುತ್ತಾರೆ, ತಪ್ಪು ಕಡಿಮೆಯಾಗಿರುತ್ತದೆ, ಅವಳು ಮತ್ತೆ ಕತ್ತರಿಸುತ್ತಾಳೆ. ಉಳಿದ ಚೂರುಪಾರು ತಪ್ಪನ್ನು ಯಂತ್ರವೇ ನೋಡಿಕೊಂಡು, ಎಳೆಗೆ ತುಸು ಬಿಸಿ ಕೊಟ್ಟು, ಮತ್ತೆ ನೋಡಿ, ಇನ್ನೂ ತುಸು ಕೊಟ್ಟು ಸರಿಮಾಡುತ್ತದೆ. ಹೀಗೆ ದಿನವಿಡೀ ಒಂದೇ ಕೋಣೆಯಲ್ಲಿ, ಬಾಗಿಲು ಮುಚ್ಚಿಕೊಂಡು, ಅಂತರ ಸೊನ್ನೆಯಾಗುವ ತನಕ. ಬಾಗಿಲು ಮುಚ್ಚುವುದು ಧೂಳು ಬರಬಾರದೆಂದಂತೆ.

"ತಪ್ಪು ಅಂದ್ರೆ ಯಾವುದಕ್ಕಿಂತ ತಪ್ಪು?" ಎಂದು ಕೇಳಿದೆ. "ಈ ಪೆಟ್ಟಿಗೇನ ಯಾವುದರ ಜೊತೆ ಹೋಲಿಸ್ತೀರಿ?"

"ಅತ್ತೆ ಜೊತೆ," ಎಂದಳು ಜೇಡ.

ನಾನು ದುರುಗುಟ್ಟಿ ನೋಡಿದೆ. ಕಿಟಕಿಯ ಹತ್ತಿರ ನಿಂತಿದ್ದ ಮಾಲೀಕರಿಗೆ ಆ ಹೊತ್ತಿನಲ್ಲೂ ನಗು ತಡೆಯಲಾಗಲಿಲ್ಲ. ಗೋಡೆಯ ಕಪಾಟಿನಲ್ಲಿದ್ದ ಉಕ್ಕಿನ ಡಬ್ಬಿಯೊಂದನ್ನು ತೋರಿಸಿ ವಿವರಿಸಿದರು. ಒಳಗಿರುವುದು ಮಾದರಿ ಸುರುಳಿ. ದೊಡ್ಡ ಪ್ರಯೋಗಾಲಯದಲ್ಲಿ ಅಳೆಸಿ ತಂದದ್ದು, ಉದ್ದವನ್ನು ಮುಚ್ಚಳದ ಮೇಲೇ ಕೆತ್ತಿದ್ದಾರೆ. ಪೆಟ್ಟಿಗೆಯ ಮೊದಲ ಸುರುಳಿಯನ್ನು ಇದಕ್ಕೆ ಹೋಲಿಸುತ್ತಾರೆ, ಮಿಕ್ಕವೆಲ್ಲ ಮೊದಲನೆಯದರ ಇಮ್ಮಡಿ, ನಾಲ್ಮಡಿ. ಎಲ್ಲರ ತಪ್ಪನ್ನೂ ಎತ್ತಿ ಆಡುವ, ತನ್ನನ್ನು ಮಾತ್ರ ಯಾರೂ ಪ್ರಶ್ನಿಸದ ಈ ಸುರುಳಿಗೆ ಯಾರೋ ಹಿಂದೆ ಅತ್ತೆ ಎಂದು ಹೆಸರಿಟ್ಟರು, ಅದೇ ಉಳಿದುಬಿಟ್ಟಿತು.

ಮನೆಯಲ್ಲೂ ನನಗೊಬ್ಬರು ಅತ್ತೆ ಇದ್ದಾರೆ. ಅವರು ಉಪ್ಪು ಸರಿ ಎಂದರೆ ಸರಿ, ಕಡಿಮೆ ಎಂದರೆ ಕಡಿಮೆ. ಮೂರು ವಾರ ಜ್ವರ ಬಂದು ಅವರ ನಾಲಿಗೆಯ ರುಚಿ ಕೆಟ್ಟಾಗಲೂ ನಾವೆಲ್ಲ ಅವರ ಮಾತು ನಂಬಿ ಉಪ್ಪು ಸುರಿದುಕೊಂಡು ಉಂಡಿದ್ದೆವು. ಹಾಗಾಗಿ ನನಗೆ ಥಟ್ಟನೆ ಹೊಳೆಯಿತು.

"ಅತ್ತೆನೇ ಸುಳ್ಳು ಹೇಳ್ತಿದ್ರೆ?"

ನಾನು ಬಿಡಿಸಿ ಹೇಳಿದೆ. ಮಾದರಿ ಸುರುಳಿಯೇ ಗಿಡ್ಡವಾಗಿದ್ದರೆ ಅದಕ್ಕೆ ಸರಿಹೊಂದುವ ತನಕ ಪೆಟ್ಟಿಗೆಯ ಎಳೆಯನ್ನೂ ಇವರು ಗಿಡ್ಡ ಮಾಡುತ್ತಾರೆ. ಎರಡೂ ಒಂದೇ ಸುಳ್ಳು ಹೇಳುವುದರಿಂದ ಪರದೆಯ ಮೇಲೆ ಸೊನ್ನೆ ಬಂದೇ ಬರುತ್ತದೆ. ಪಾಪ ಪೈಲಟ್ ಮಾತ್ರ ನಿಜವಾದ ನೆಲಕ್ಕೆ ಬಡಿಯುತ್ತಾನೆ.

ಮಾಲೀಕರ ನಗು ಅಲ್ಲೇ ಆರಿಹೋಯಿತು. ಆದರೆ ಅಡ್ಡ ಬಂದವರು ನನ್ನ ಗಂಡ. ಅತ್ತೆಯ ಮೊಹರು ಒಡೆದರೆ ಮತ್ತೆ ಪ್ರಯೋಗಾಲಯಕ್ಕೆ ಕಳಿಸಬೇಕು, ಕಾರ್ಖಾನೆ ತಿಂಗಳುಗಟ್ಟಲೆ ನಿಲ್ಲುತ್ತದೆ, ಇದೆಲ್ಲ ಅನುಮಾನಕ್ಕೆ ಮಾಡುವ ಕೆಲಸವಲ್ಲ ಎಂದು ಒಂದೇ ಉಸಿರಿಗೆ ಹೇಳಿದರು. ಇಷ್ಟು ಮಾತು ಇವರು ನನ್ನೊಡನೆ ಒಂದು ವಾರದಲ್ಲೂ ಆಡುವುದಿಲ್ಲ. ತಾನು ಮುಳುಗುತ್ತಿದ್ದರೂ ಅವಳನ್ನು ಬಿಟ್ಟುಕೊಡುವುದಿಲ್ಲವಲ್ಲ ಎಂದು ನನಗೆ ಪಿತ್ತ ನೆತ್ತಿಗೇರಿತು.

ಮೊಹರು ಒಡೆಯದೆಯೂ ನೋಡಬಹುದು ಎಂದರು ಮಾಲೀಕರು. ಊರಿನ ಕೇಬಲ್ ತುಂಡಾದಾಗ ಎಲ್ಲಿ ತುಂಡಾಗಿದೆಯೆಂದು ಹುಡುಕುವ ಯಂತ್ರವೊಂದು ಗೋದಾಮಿನಲ್ಲಿತ್ತು. ಎಳೆಯ ಒಂದು ತುದಿಯಿಂದ ಬೆಳಕು ಬಿಟ್ಟು ಅದರ ಮಾರ್ದನಿ ಕೇಳಿಸಿಕೊಳ್ಳುವ ಒರಟು ಯಂತ್ರ. ಅತ್ತೆಯಂಥ ಅತ್ತೆಗೆ ಅದನ್ನು ಹಚ್ಚುವುದೇ ಅವಮಾನವೆಂದು ಇಲ್ಲಿಯವರೆಗೆ ಯಾರೂ ಹಚ್ಚಿರಲಿಲ್ಲ. ಮಾಲೀಕರೇ ಅದನ್ನು ಹೊತ್ತು ತಂದು, ಧೂಳು ಊದಿ, ಅಂಗಿಯ ತೋಳು ಮಡಚಿ, ಡಬ್ಬಿಯಿಂದ ಆಚೆ ಚಾಚಿದ್ದ ಎಳೆಯ ತುದಿಗೆ ಅದರ ತಂತಿ ಸಿಕ್ಕಿಸಿದರು.

ಪುಟ್ಟ ಪರದೆಯಲ್ಲಿ ಹಸಿರು ಗೆರೆಯೊಂದು ಮೂಡಿತು. ತುದಿಯಿಂದ ತುದಿಗೆ ನುಣ್ಣಗೆ ಇಳಿಯಬೇಕಾದ ಗೆರೆ ನಡುವೆ ಒಂದು ಕಡೆ ಮೆಟ್ಟಿಲಿನಂತೆ ಕುಸಿದಿತ್ತು. ಉದ್ದವೂ ಮುಚ್ಚಳದ ಮೇಲೆ ಕೆತ್ತಿದ್ದಕ್ಕಿಂತ ಒಂದು ಕೋಣೆಯಷ್ಟು ಕಡಿಮೆ ಇತ್ತು.

"ಬೆಸುಗೆ," ಎಂದರು ಮಾಲೀಕರು. "ಅತ್ತೇಲಿ ಬೆಸುಗೆ ಇರಬಾರದು. ಇದು ಒಂದೇ ಎಳೆ."

ನನ್ನ ಗಂಡ ನೀರು ಕುಡಿದು ಬರುತ್ತೇನೆಂದು ಎದ್ದು ಹೊರಗೆ ಹೋದರು. ಮುಖದಲ್ಲಿ ರಕ್ತವಿರಲಿಲ್ಲ. ನಂಬಿದವಳು ಕೈಕೊಟ್ಟಳೆಂದು ಸಂಕಟವಾಗಿದೆ, ಆಗಲಿ, ಎಂದುಕೊಂಡೆ. ಅತ್ತೆಯ ಮೊಹರಿನ ಅಚ್ಚು ಇವರ ಮೇಜಿನ ಹಿಂದಿನ ಮೊಳೆಯಲ್ಲಿ ನೇತಾಡುತ್ತಿರುತ್ತದೆ ಎಂಬುದೂ ಆಗಲೇ ಮಾಲೀಕರಿಂದ ತಿಳಿಯಿತು. ಇವರ ಮೊಳೆ ಎಲ್ಲಿದೆ, ಬೀಗದ ಕೈ ಎಲ್ಲಿದೆ, ಟೀಗೆ ಸಕ್ಕರೆ ಎಷ್ಟು ಎಂದು ನನಗಿಂತ ಚೆನ್ನಾಗಿ ಬಲ್ಲವಳು ಯಾರು? ಬೆಸೆಯಲು ಬರುವವಳು ಈ ಕಾರ್ಖಾನೆಯಲ್ಲಿ ಒಬ್ಬಳೇ.

ನಾನು ಪಡಸಾಲೆಗೆ ಹೋಗಿ ತನಿಖಾಧಿಕಾರಿಗೆ ಫೋನು ಮಾಡಿದೆ. ಐದು ಗಂಟೆಯ ತನಕ ಕಾಯುವುದು ಬೇಡ, ಈಗಲೇ ಬನ್ನಿ, ಮಾಡಿದವಳು ಸಿಕ್ಕಿದ್ದಾಳೆ, ಬೆಸುಗೆಯವಳೇ ಎಂದೆ. ಅವರು ಬಂದಾಗ ಅವಳ ಮುಖ ಹೇಗಾಗುತ್ತದೆಂದು ನನಗೆ ಕಣ್ಣಾರೆ ನೋಡಬೇಕಿತ್ತು. ಇಷ್ಟು ಸಂತೋಷವಾಗಿ ಎಷ್ಟು ವರ್ಷವಾಗಿತ್ತೋ.

ಬೆಸುಗೆಯ ಕೋಣೆ ಒಳಗಡೆ. ಅಲ್ಲಿಗೆ ಹೋಗುವವರು ನೀಲಿ ಗೌನು ತೊಟ್ಟು, ಕೂದಲಿಗೆ ಟೋಪಿ ಹಾಕಿಕೊಳ್ಳಬೇಕು. ಜಗಳವಾಡಲು ಅಂಥ ವೇಷ ಯಾರಿಗೂ ಒಪ್ಪುವುದಿಲ್ಲ. ನಾನು ಒಳಗೆ ಹೋದಾಗ ಮಾಲೀಕರ ಅಪ್ಪಣೆಯಂತೆ ಮೊಹರು ಒಡೆದು, ಜೇಡ ಅತ್ತೆಯನ್ನು ಭೂತಗನ್ನಡಿಯ ಕೆಳಗಿಟ್ಟುಕೊಂಡು ಕುಳಿತಿದ್ದಳು. ನಾನು ಬಂದದ್ದು ಗೊತ್ತಾದರೂ ತಲೆಯೆತ್ತಲಿಲ್ಲ.

ನಾನು ಸುತ್ತಿ ಬಳಸಿ ಮಾತಾಡಲಿಲ್ಲ.

"ಅವರು ನನ್ನನ್ನ ಬಿಟ್ಟು ನಿನ್ನ ಹಿಂದೆ ಬರಲಿಲ್ಲ ಅಂತ ತಾನೇ ಈ ಕೆಲಸ ಮಾಡಿದ್ದು? ಅವರ ಸಹಿ ಇರೋ ಪೆಟ್ಟಿಗೆ ಹಾಳಾದ್ರೆ ಅವರೇ ಹಾಳಾಗ್ತಾರೆ ಅಂತ ನಿಂಗೆ ಗೊತ್ತಿತ್ತು."

"ಕೂತ್ಕೊಳ್ಳಿ ಅಕ್ಕಾ," ಎಂದಳು.

ಅಕ್ಕನಂತೆ. ವಯಸ್ಸಿನಲ್ಲಿ ನನಗಿಂತ ಎರಡು ವರ್ಷ ಚಿಕ್ಕವಳಿರಬಹುದು. ಓದು ನನ್ನ ಗಂಡನಷ್ಟೇ, ಸಂಬಳದಲ್ಲಿ ಅವರಿಗಿಂತ ಒಂದು ಕೈ ಮೇಲು. ನೋಡಲು ಕೆಟ್ಟದಾಗಿದ್ದರೆ ಕ್ಷಮಿಸಬಹುದಿತ್ತು, ಹಾಗೂ ಇಲ್ಲ. ನಾನು ಕೂರಲಿಲ್ಲ.

ಅವಳು ಭೂತಗನ್ನಡಿಯನ್ನು ನನ್ನತ್ತ ತಿರುಗಿಸಿದಳು. ಮೊದಲು ತನ್ನ ಕೈಯ ಬೆಸುಗೆಯೊಂದನ್ನು ತೋರಿಸಿದಳು. ಎಳೆ ಎಲ್ಲಿ ಮುಗಿದು ಎಲ್ಲಿ ಶುರುವಾಯಿತೆಂದು ಗೊತ್ತಾಗಲಿಲ್ಲ. ಆಮೇಲೆ ಅತ್ತೆಯದನ್ನು ತೋರಿಸಿದಳು. ಎರಡು ತುದಿಗಳೂ ಓರೆಯಾಗಿ ಕತ್ತರಿಸಿದ್ದವು, ನಡುವೆ ಗುಳ್ಳೆಯೊಂದು ಸಿಕ್ಕಿಕೊಂಡಿತ್ತು. ಒಂದೇ ಸಲಕ್ಕೆ ಬೆಸೆದದ್ದಲ್ಲ, ಬೆಸೆದು ಕೆಟ್ಟು, ಮತ್ತೆ ಕತ್ತರಿಸಿ ಬೆಸೆದು, ಹೊರಗಿನ ಮುರಿದ ಸುತ್ತುಗಳನ್ನೂ ಬಿಚ್ಚಿ ಎಸೆದು, ಹಾಗೆಯೇ ಎಳೆ ಗಿಡ್ಡವಾಗಿದೆ ಎಂದಳು. ಉದ್ದ ಕದಿಯಬೇಕೆಂದು ಮಾಡಿದ್ದಲ್ಲ, ಮುರಿದದ್ದನ್ನು ಹೇಗೋ ಕೂಡಿಸಿ ಮುಚ್ಚಿಟ್ಟದ್ದು. ಅತ್ತೆಯನ್ನು ಮತ್ತೆ ಅಳೆಯಬೇಕಿತ್ತು, ಪೆಟ್ಟಿಗೆ ಅದಕ್ಕೆ ಸರಿಹೊಂದಿ ಪರದೆಯಲ್ಲಿ ಸೊನ್ನೆ ಬಂತಲ್ಲ ಎಂದು ಬೆಸೆದವರು ಸುಮ್ಮನಾಗಿದ್ದಾರೆ.

"ಬೇಕಂತಲೇ ಕೆಟ್ಟದಾಗಿ ಮಾಡಿರಬಹುದು ನೀನು," ಎಂದೆ. ಹೇಳುವಾಗಲೇ ಆ ಮಾತಿನಲ್ಲಿ ಬಲವಿಲ್ಲವೆಂದು ನನಗೆ ಗೊತ್ತಾಗುತ್ತಿತ್ತು.

ಬೆಸುಗೆಯನ್ನು ಸುರುಳಿಗೆ ಅಂಟಿಸಿದ್ದ ಟೇಪಿನ ಮೇಲೆ ಅವಳು ಬೆರಳಿಟ್ಟಳು. ಮಿಕ್ಕ ಟೇಪುಗಳೆಲ್ಲ ಒಂದು ದಿಕ್ಕಿಗೆ ಸುತ್ತಿದ್ದವು, ಇದೊಂದು ತಿರುಗುಮುರುಗು. ಎಡಗೈಯವರು ಸುತ್ತುವುದು ಹಾಗೆ. ಅಷ್ಟು ಪತ್ತೇದಾರಿಕೆ ನನಗೂ ಬರುತ್ತದೆ. ಜೇಡ ಬಲಗೈಯವಳು, ಮಾಲೀಕರೂ ಬಲಗೈಯವರು. ನನ್ನ ಗಂಡನಂತೂ ಬಲಗೈ ಬಿಟ್ಟು ಎಡಗೈಯಿಂದ ಒಂದು ಲೋಟ ಎತ್ತಿಟ್ಟವರಲ್ಲ.

"ಇಲ್ಲಿ ಎಡಗೈಯವರು ಯಾರೂ ಇಲ್ವಲ್ಲ," ಎಂದೆ.

"ಒಬ್ಬರಿದ್ದಾರೆ." ಅವಳು ಮೊದಲ ಸಲ ನನ್ನ ಕಣ್ಣಿಗೆ ಕಣ್ಣು ಕೊಟ್ಟಳು. "ನಾನೇ ಕಲಿಸಿದ್ದು. ಬಲಗೈಲಿ ಎಳೆ ಹಿಡಿದ್ರೆ ನಡುಗುತ್ತೆ, ಎಡಗೈಲಿ ಬೆಸೆಯೋದು ಹೇಳಿಕೊಡು ಅಂದ್ರು. ಊಟದ ಹೊತ್ತಲ್ಲಿ ಕೂತು ಕಲಿತಿದ್ರು. ಒಂದು ವರ್ಷ ಆಯ್ತು ಕೈ ನಡುಗೋಕೆ ಶುರುವಾಗಿ. ಅಕ್ಕಾ, ನಿಮಗೆ ಗೊತ್ತಿಲ್ವಾ?"

ಗೊತ್ತಿರಲಿಲ್ಲ. ಊರಿನ ಗಂಡಸರೆಲ್ಲ ಯಾರ ಮನೆಗೆ ಯಾವಾಗ ಹೋಗುತ್ತಾರೆಂದು ಬಲ್ಲ ನನಗೆ, ನನ್ನ ಪಕ್ಕದಲ್ಲಿ ಮಲಗುವವರ ಕೈ ನಡುಗುವುದು ಗೊತ್ತಿರಲಿಲ್ಲ. ಗಡ್ಡ ಬಿಟ್ಟದ್ದು ಕೆನ್ನೆಗೆ ಬ್ಲೇಡು ತಾಗೀತೆಂಬ ಹೆದರಿಕೆಗೆ. ಈಚೆಗೆ ಪೇಪರನ್ನು ಮೇಜಿನ ಮೇಲೆ ಹರಡಿಕೊಂಡು ಓದುತ್ತಿದ್ದದ್ದು, ಅಂಗಿಯ ಗುಂಡಿಯನ್ನು ಹಾಕು ಎಂದು ನನ್ನ ಮುಂದೆ ಬಂದು ನಿಲ್ಲುತ್ತಿದ್ದದ್ದು, ಅದನ್ನು ನಾನು ಪ್ರೀತಿ ಎಂದುಕೊಂಡು ಒಳಗೊಳಗೇ ಹಿಗ್ಗಿದ್ದು, ಎಲ್ಲ ಒಟ್ಟಿಗೆ ನೆನಪಾಯಿತು. ಕೈ ನಡುಗುವವನಿಗೆ ಈ ಕಸುಬಿನಲ್ಲಿ ಜಾಗವಿಲ್ಲ, ಅದಕ್ಕೇ ಬಚ್ಚಿಟ್ಟರು. ನನ್ನಿಂದ ಬಚ್ಚಿಟ್ಟರು, ಇವಳಿಗೆ ಹೇಳಿದರು. ಇವರಿಬ್ಬರೂ ಒಂದೇ ಹಾಸಿಗೆಯಲ್ಲಿ ಸಿಕ್ಕಿದ್ದರೂ ನನಗೆ ಅಷ್ಟು ಹೊಟ್ಟೆ ಉರಿಯುತ್ತಿರಲಿಲ್ಲ.

ಜೇಡ ಇನ್ನೂ ಹೇಳುತ್ತಿದ್ದಳು. ತಾನು ರಜೆಯ ಮೇಲಿದ್ದ ವಾರ ಇದು ಆಗಿರಬೇಕು. ಬಂದು ನೋಡಿದಾಗ ಅತ್ತೆಯ ಮೊಹರು ಹೊಸದಾಗಿತ್ತು. ಕೇಳಿದ್ದಕ್ಕೆ ಧೂಳು ಒರೆಸಿದೆ ಎಂದರು, ತಾನು ನಂಬಿದೆ. ಅವರು ಹೇಳಿದ ಅಂಕಿಯಂತೆ ಪೆಟ್ಟಿಗೆಯ ಎಳೆಯನ್ನು ಕತ್ತರಿಸಿದ್ದು ಇದೇ ಕೈ, ಪೈಲಟ್ ಕಾಲು ಮುರಿದದ್ದರಲ್ಲಿ ತನ್ನ ಪಾಲೂ ಇದೆ ಎಂದು ಅಂಗೈ ನೋಡಿಕೊಂಡಳು. ನಾನು ಅರ್ಧ ಕೇಳಿಸಿಕೊಂಡೆ. ಪಡಸಾಲೆಯಲ್ಲಿ ಬೂಟಿನ ಸದ್ದು ಬರುತ್ತಿತ್ತು.

ಐದರ ತನಕ ಬಿಟ್ಟಿದ್ದರೆ ಯೋಚಿಸಲು ಸಮಯವಿರುತ್ತಿತ್ತು. ಅದನ್ನೂ ನನ್ನ ಕೈಯಾರೆ ಹಾಳು ಮಾಡಿಕೊಂಡಿದ್ದೆ.

ತನಿಖಾಧಿಕಾರಿ ಗೌನು ಟೋಪಿ ಹಾಕಿಕೊಂಡೇ ಒಳಗೆ ಬಂದರು, ಅವರ ಹಿಂದೆ ಮಾಲೀಕರು, ಕೊನೆಯಲ್ಲಿ ನನ್ನ ಗಂಡ. ಅಧಿಕಾರಿ ತಾಳ್ಮೆಯ ಮನುಷ್ಯ. ಮಾಲೀಕರಿಂದ ಎಲ್ಲವನ್ನೂ ಕೇಳಿ ತಿಳಿದುಕೊಂಡು, ಹಸಿರು ಗೆರೆಯನ್ನು ನೋಡಿ, ಭೂತಗನ್ನಡಿಗೆ ಕಣ್ಣಿಟ್ಟು, ಟೇಪನ್ನು ಮಾತ್ರ ಗಮನಿಸದೆ ನೆಟ್ಟಗಾದರು. ಅತ್ತೆ ಮುರಿದದ್ದು ಆಕಸ್ಮಿಕವಿರಬಹುದು, ಆದರೆ ಅದನ್ನು ಮುಚ್ಚಿಟ್ಟು ವಿಮಾನಕ್ಕೆ ಸುಳ್ಳು ಪೆಟ್ಟಿಗೆ ಕಳಿಸಿದ್ದು ಆಕಸ್ಮಿಕವಲ್ಲ, ಅದಕ್ಕೆ ಜೈಲು ಖಂಡಿತ ಎಂದರು. ಆಮೇಲೆ ಪೆನ್ನು ತೆಗೆದರು.

"ಇದನ್ನ ಬೆಸೆದವರು ಯಾರು?"

ನನ್ನ ಗಂಡ ಬಾಯಿ ತೆರೆದರು. ಅಷ್ಟರಲ್ಲಿ ಜೇಡ ಕುರ್ಚಿಯಿಂದ ಎದ್ದಳು.

"ನಾನೇ ಸರ್. ಕೈ ಜಾರಿ ಬಿತ್ತು. ಬೆಸೆದು, ಇವರ ಮೇಜಿನ ಹತ್ರ ಇದ್ದ ಅಚ್ಚು ತಗೊಂಡು ಮೊಹರು ಒತ್ತಿದೆ. ಇವರಿಗೇನೂ ಗೊತ್ತಿಲ್ಲ."

ಅವಳ ದನಿ ಸ್ವಲ್ಪವೂ ಅಲುಗಲಿಲ್ಲ. ನನ್ನ ಗಂಡನ ತೆರೆದ ಬಾಯಿ ಹಾಗೆಯೇ ಮುಚ್ಚಿಕೊಂಡಿತು. ಅಲ್ಲ ಎನ್ನಬಹುದಿತ್ತು. ಎನ್ನಲಿಲ್ಲ. ಅವಳನ್ನೇ ನೋಡುತ್ತ ನಿಂತರು, ಮದುವೆಯಾದಾಗಿನಿಂದ ಒಮ್ಮೆಯೂ ನನ್ನನ್ನು ಹಾಗೆ ನೋಡಿರಲಿಲ್ಲ.

ಅಧಿಕಾರಿ ನನ್ನ ಕಡೆ ತಿರುಗಿದರು. "ನೀವು ಫೋನಲ್ಲಿ ಹೇಳಿದ್ದೂ ಇದೇ ಅಲ್ವಾ ಮೇಡಂ? ಹೌದು ಅಂತ ಹೇಳಿ, ನಿಮ್ಮ ಹೇಳಿಕೆ ಬರ್ಕೊಂಡು ಇವರನ್ನ ಕರ್ಕೊಂಡು ಹೋಗ್ತೀನಿ."

ಬೆಳಿಗ್ಗೆಯಿಂದ ನಾನು ಬೇಡಿಕೊಂಡದ್ದೆಲ್ಲ ತಟ್ಟೆಯಲ್ಲಿಟ್ಟು ಕೊಟ್ಟಂತೆ ಎದುರಿಗೆ ಬಂದಿತ್ತು. ಹೌದು ಎಂದರೆ ಸಾಕು, ಗಂಡ ನನ್ನ ಜೊತೆ ಮನೆಗೆ ಬರುತ್ತಾರೆ. ಎದುರಿಗೆ ಕೂತು ಊಟ ಮಾಡುತ್ತಾರೆ. ಆದರೆ ಇನ್ನು ಬದುಕಿರುವಷ್ಟು ದಿನ ಅವರ ಪ್ರತಿ ತುತ್ತಿನಲ್ಲೂ ಇವಳಿರುತ್ತಾಳೆ. ನಾನು ಗುಂಡಿ ಹಾಕಿಕೊಡುವಾಗ ಅವರು ಇವಳನ್ನು ನೆನೆಯುತ್ತಾರೆ. ಜೈಲಿನಲ್ಲಿ ಕೂತೇ ಇವಳು ನನ್ನ ಮನೆ ಆಳುತ್ತಾಳೆ, ಅಲ್ಲಿಗೆ ಹೋಗಿ ಇವಳ ಕೂದಲು ಹಿಡಿದು ಜಗಳವಾಡಲೂ ನನಗೆ ಆಗುವುದಿಲ್ಲ. ನನ್ನ ಗಂಡನಿಗಾಗಿ ಯಾರಾದರೂ ಹಾಳಾಗುವುದಿದ್ದರೆ ಅದು ನನಗೆ ಸೇರಿದ್ದು. ಆ ಹಕ್ಕನ್ನು ಇವಳಿಗೆ ಕೊಟ್ಟವರು ಯಾರು?

"ಅವಳು ಸುಳ್ಳು ಹೇಳ್ತಿದಾಳೆ," ಎಂದೆ.

ಅಧಿಕಾರಿಯ ಪೆನ್ನು ನಿಂತಿತು. ಜೇಡ ನನ್ನತ್ತ ನೋಡಿ, ಬೇಡ ಎನ್ನುವಂತೆ ಮೆಲ್ಲಗೆ ತಲೆಯಾಡಿಸಿದಳು. ಅವಳ ಆ ದಯೆಯನ್ನು ಕಂಡು ನನ್ನ ಉರಿ ಇನ್ನೂ ಹೆಚ್ಚಿತು.

"ಹಾಗಾದ್ರೆ ಯಾರು ಮೇಡಂ?" ಎಂದು ಅಧಿಕಾರಿ ಕೇಳಿದರು. "ನಿಮಗೆ ಗೊತ್ತಾ?"

ನನ್ನ ಗಂಡ ಆಗ ಅವಳಿಂದ ಕಣ್ಣು ಕಿತ್ತು ನನ್ನ ಕಡೆ ನೋಡಿದರು.

"ಗೊತ್ತು," ಎಂದು ಆ ತಿರುಗುಮುರುಗು ಟೇಪಿನ ಮೇಲೆ ಬೆರಳಿಟ್ಟೆ.